ಫೋನ್ ಹಚ್ಚುವವರು, ಎತ್ತುವವರು

ಫೋನು ಅಂದಮೇಲೆ ಫಜೀತಿಗಳು ನಡೆಯುತ್ತಲೇ ಇರುತ್ತವೆ. ನನ್ನ ಹಣೆಬರಹವೆಂದರೆ, ಅವು ನನ್ನ ಕಣ್ಣೆದುರಿಗೇ ನಡೆಯುತ್ತವೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲಾ ಸುತ್ತಿ ಕೊನೆಗೆ ಗದಗಿನಲ್ಲಿ ನಿವೃತ್ತಳಾದೆ. ಕಿವಿಗೊಂದು ಹೆಡ್‌ಫೋನು, ಕೈಯಲ್ಲಿ ವಯರು, ಎದುರಿಗೆ ತೂತು ತೂತಿನ ಬೋರ್ಡು. ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಇಬ್ಬರು ಮಾತಾಡುತ್ತಿದ್ದರು. ನನಗೆ ಬರುವ ವಿದ್ಯೆ ಇಷ್ಟೇ. ಆದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ‘ಫೋನ್ ಅಕ್ಕಾರು’. ಯಾರ ಮೊಬೈಲು ಹ್ಯಾಂಗ್ ಆದರೂ, ಜಾಗ ತುಂಬಿದರೂ, ಅಪ್‌ಡೇಟ್ ಆಗಿ ಗುರುತು ಸಿಗದಂತಾದರೂ ನನ್ನ ಕಡೆಗೇ ಬರುತ್ತಾರೆ. ಎತ್ತು ಹೂಡುತ್ತಿದ್ದವನನ್ನು ಕರೆದು ‘ಟ್ರ್ಯಾಕ್ಟರ್ ಯಾಕ ಚಾಲೂ ಆಗವಲ್ದು ನೋಡು’ ಎಂದಂತೆ! ಬೈಯುತ್ತೇನೆ. ಬೈಯುತ್ತಲೇ ಕನ್ನಡಕ ಹಾಕಿಕೊಳ್ಳುತ್ತೇನೆ. ಖರೆ ಹೇಳಬೇಕೆಂದರೆ, ಯಾರೂ ಬರದ ದಿನ ನನಗೇ ಹೊತ್ತು ಹೋಗುವುದಿಲ್ಲ.

ಮೂರು ನಿಮಿಷ

ಮೊದಲು ಮುಂಡರಗಿಯದು ಹೇಳಿಬಿಡುತ್ತೇನೆ. ಆಗ ಟ್ರಂಕ್ ಕಾಲ್ ಬುಕ್ ಮಾಡಿದವರು ಬುತ್ತಿ ಕಟ್ಟಿಕೊಂಡು ಬಂದು ಅರ್ಧ ದಿನ ಕೂಡುತ್ತಿದ್ದರು. ಮಾತಾಡಲು ಸಿಗುತ್ತಿದ್ದುದು ಮೂರು ನಿಮಿಷ.

ಒಂದು ದಿನ ಕೊರ್ಲಹಳ್ಳಿಯ ರೈತರೊಬ್ಬರು ಓಡುತ್ತ ಬಂದರು. ‘ಅಕ್ಕಾರ, ಸೊಲ್ಲಾಪುರಕ್ಕ ಜಲ್ದಿ ಹಚ್ಚಿ ಕೊಡ್ರಿ. ನನಗ ಗಂಡು ಹುಟ್ಟೈತಿ, ನಮ್ಮ ಅಣ್ಣಗ ಹೇಳಬೇಕು!’ ಮೂವರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಗಂಡಂತೆ. ಮಧ್ಯಾಹ್ನದ ಹೊತ್ತಿಗೆ ಲೈನು ಸಿಕ್ಕಿತು.

‘ಅಣ್ಣಾ, ಆರಾಮ ಅದೀಯಾ?’

‘ಆರಾಮ. ನೀ ಆರಾಮ ಅದೀ?’

‘ನಾ ಆರಾಮ. ವೈನಿ ಆರಾಮ ಅದಾರ?’

‘ಆಕೀನೂ ಆರಾಮ. ಅವ್ವ ಆರಾಮ?’

ಅವ್ವ ಆಯಿತು, ಅತ್ತೆ ಆಯಿತು, ಸ್ವಾದರಮಾವ ಆಯಿತು. ಬಾಜೂ ಮನೆಯವರು ಆದರು. ಎಮ್ಮೆಯ ತನಕ ಬರುವಷ್ಟರಲ್ಲಿ ಮೂರು ನಿಮಿಷ ಮುಗಿಯಿತು. ರೈತರು ಹಣೆ ಬಡಿದುಕೊಂಡು ಇನ್ನೊಮ್ಮೆ ಬುಕ್ ಮಾಡಿದರು. ಮತ್ತೆ ಎರಡು ತಾಸು ಕಾದು ಲೈನು ಸಿಕ್ಕರೆ, ‘ಹಾಂ ಅಣ್ಣಾ, ಎಮ್ಮಿ ತನಕ ಬಂದಿದ್ವಿ. ಎಮ್ಮಿ ಆರಾಮ ಐತಿ...’

ನನಗೆ ತಡೆಯಲಾಗಲಿಲ್ಲ. ಆಪರೇಟರ್ ನಡುವೆ ಬಾಯಿ ಹಾಕುವಂತಿರಲಿಲ್ಲ, ಆದರೂ ಹಾಕಿದೆ. ‘ರೀ ಸೊಲ್ಲಾಪುರದವ್ರ, ನಿಮ್ಮ ತಮ್ಮಗ ಗಂಡು ಹುಟ್ಟೈತ್ರಿ!’

ಆ ಕಡೆಯಿಂದ ಅಣ್ಣನ ದನಿ ಬಂತು: ‘ಹೌದ್ರಿ? ಭಾಳ ಚಲೋ ಆತು. ಮತ್ತ ನೀವು ಆರಾಮ ಅದೀರಿ? ನಿಮ್ಮ ಮನ್ಯಾಗ ಎಲ್ಲಾರೂ ಆರಾಮ?’

ಮಳಿ ಮತ್ತು ಮಳೆ

ಈಗ ದಿನವಿಡೀ ಪುಕ್ಕಟೆ ಮಾತಾಡಬಹುದು. ಆದರೆ ಎಲ್ಲರೂ ‘ಹಾಂ, ಹೇಳು’ ಎಂದೇ ಶುರು ಮಾಡುತ್ತಾರೆ. ಎಮ್ಮೆಯನ್ನು ಕೇಳುವವರಿಲ್ಲ. ಮನುಷ್ಯರು ಮನುಷ್ಯರೊಡನೆ ಮಾತಾಡುವುದು ಕಡಿಮೆಯಾಗಿ ಫೋನಿನ ಜೊತೆಗೇ ಮಾತಾಡುವ ಕಾಲ ಬಂದಿದೆ.

ನಮ್ಮ ಎದುರು ಮನೆಯಾಕೆಗೆ ಹರ್ತಿಯಲ್ಲಿ ಹೊಲವಿದೆ. ಹೊಸ ಫೋನು ತಂದಾಗ ಅಂಗಡಿಯವನು ‘ಇದಕ್ಕ ಕನ್ನಡ ಬರತೈತ್ರಿ, ಏನು ಬೇಕಾದ್ದು ಕೇಳ್ರಿ’ ಎಂದು ಹೇಳಿ ಕಳಿಸಿದ್ದ. ಮೆಣಸಿನಕಾಯಿ ಕಿತ್ತು ಹೊಲದಲ್ಲೇ ಒಣಹಾಕಿದ್ದರು. ಆಕೆ ಫೋನನ್ನು ಬಾಯಿ ಹತ್ತಿರ ಹಿಡಿದು ಕೇಳಿದಳು: ‘ನಾಳಿ ಮಳಿ ಬರ್ತೈತೇನು?’

ಫೋನು ವಿಚಾರ ಮಾಡಿ, ‘ನಿಮ್ಮ ಹತ್ತಿರದ ಬಟ್ಟೆ ಮಳಿಗೆಗಳು’ ಎಂದು ಸೀರೆಗಳ ಸಾಲನ್ನೇ ತೋರಿಸಿತು.

‘ಮಳಿ! ಮಳಿ! ಮ್ಯಾಲಿಂದ ಬೀಳ್ತೈತಲ್ಲ, ಅದು!’ ಎಂದು ಒದರಿದಳು. ಈ ಸಲ ಪಾದರಕ್ಷೆಗಳ ಮಳಿಗೆಗಳು ಬಂದವು.

ಫೋನು ಹಿಡಿದು ನನ್ನ ಕಡೆ ಬಂದಳು. ಜೊತೆಗೆ ಅವಳ ಅತ್ತೆಯೂ ಬಂದರು. ‘ಅದಕ್ಕ ನಮ್ಮ ಮಾತು ತಿಳಿಯೂದಿಲ್ಲವಾ, ಸಾಲಿ ಪುಸ್ತಕ ಓದಿದಂಗ ಕೇಳು’ ಎಂದೆ. ಆಕೆ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಶಾಲೆಯ ಇನ್ಸ್‌ಪೆಕ್ಟರ ಮುಂದೆ ನಿಂತವಳಂತೆ ಕೇಳಿದಳು: ‘ನಾಳೆ ಮಳೆ ಬರುತ್ತದೆಯೇ?’

‘ನಾಳೆ ಮಳೆ ಬರುವ ಸಾಧ್ಯತೆ ಇಲ್ಲ’ ಎಂದು ಫೋನು ಸ್ಪಷ್ಟವಾಗಿ ಉತ್ತರ ಕೊಟ್ಟಿತು. ಎಲ್ಲರೂ ನಿಶ್ಚಿಂತರಾದರು. ಮರುದಿನ ಮಧ್ಯಾಹ್ನ ಹರ್ತಿಯ ಕಡೆ ಕೆರೆ ಒಡೆದ ಹಾಗೆ ಸುರಿಯಿತು. ಮೆಣಸಿನಕಾಯಿ ಎಲ್ಲ ತೊಯ್ದು ತೊಪ್ಪೆಯಾಯಿತು. ಸೊಸೆ ಫೋನಿಗೆ ಹಿಡಿಶಾಪ ಹಾಕುತ್ತಿದ್ದರೆ ಅತ್ತೆ ಮಾತ್ರ ಶಾಂತವಾಗಿ ಅಂದರು:

‘ಅದರದೇನು ತಪ್ಪು? ಮಳೆ ಬರೂದಿಲ್ಲ ಅಂದಿತ್ತು, ಮಳೆ ಬರಲಿಲ್ಲ. ಬಂದದ್ದು ಮಳಿ.’

ಕಾಲ್ ಹಚ್ಚುವುದು

ನಮ್ಮ ಓಣಿಯಲ್ಲಿ ಮಗ್ಗ ನೇಯುವ ಅಣ್ಣ ಒಬ್ಬರಿದ್ದಾರೆ. ಹುಟ್ಟಿದಾಗಿನಿಂದ ನೂಲು ಎಳೆದೆಳೆದು ಅವರ ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಮಗಳು ಕೊಡಿಸಿದ ಹೊಸ ಫೋನು ಹೆಬ್ಬೆಟ್ಟು ಒತ್ತಿದರೆ ತೆರೆಯಬೇಕು. ಹತ್ತೂ ಬೆರಳು ಒತ್ತಿಸಿದೆವು. ಫೋನು ಯಾವುದನ್ನೂ ಒಪ್ಪಲಿಲ್ಲ.

ನಾಲ್ಕು ದಿನ ಬಿಟ್ಟು ಚಹಾದ ಅಂಗಡಿಯ ಮುಂದೆ ನೋಡುತ್ತೇನೆ, ಅಣ್ಣ ಫೋನನ್ನು ನೆಲಕ್ಕಿಟ್ಟು, ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳನ್ನು ಅದರ ಮೇಲೆ ಒತ್ತಿದರು. ಫೋನು ತೆರೆಯಿತು! ಕೂಡಲೇ ಬಗ್ಗಿ ಎತ್ತಿಕೊಂಡು, ಕಾಲು ತಗುಲಿಸಿದ ಪಾಪಕ್ಕೆ ಎರಡೂ ಕಣ್ಣಿಗೆ ಒತ್ತಿಕೊಂಡರು. ಚಹಾದವನು ರೇಗಿದ. ‘ಈಗ ಲಕ್ಷ್ಮಿ ಫೋನಿನ್ಯಾಗ ಇರ್ತಾಳ, ಅಕೀಗೆ ಕಾಲ ಹಚ್ಚತೀಯಲ್ಲೋ ಮಾರಾಯಾ!’

‘ಅದಕ್ಕ ಕಣ್ಣಿಗೆ ಒತ್ತಿಕೊಂಡ್ನೆಲ್ಲ’ ಎಂದರು ಅಣ್ಣ.

ನಾನು ಹೇಳಿದೆ: ‘ಅಣ್ಣಾ, ಬೆರಳು ಬ್ಯಾಡ, ನಾಕು ಅಂಕಿ ಒತ್ತಿದ್ರೂ ತೆರೀತೈತಿ. ಅದನ್ನ ನೆನಪಿಟ್ಟುಕೋರಿ.’

‘ಅಂಕಿ ಮರೀತೀನ್ರಿ ಅಕ್ಕಾರ. ಕಾಲ್ಬೆರಳು ಮನ್ಯಾಗ ಮರತು ಬರಾಕ ಆಗೂದಿಲ್ಲಲ್ರಿ’ ಎಂದರು. ನಾನು ನಕ್ಕದ್ದು ಅವರಿಗೆ ಅಷ್ಟು ಸರಿಬರಲಿಲ್ಲವೆಂದು ಕಾಣುತ್ತದೆ. ಗಂಭೀರವಾಗಿ ಮುಂದುವರಿಸಿದರು: ‘ಊರ ಮಂದಿ ಎಲ್ಲಾ ಕಾಲ್ ಹಚ್ಚತೀನಿ, ಕಾಲ್ ಹಚ್ಚತೀನಿ ಅಂತ ಬರೇ ಬಾಯಿಲೆ ಅಂತಾರ. ಖರೇನ ಕಾಲ ಹಚ್ಚಾಂವ ನಾ ಒಬ್ಬನ ನೋಡ್ರಿ!’

ಎಲ್ಲರಿಗೂ ಒಂದೇ ಗಂಟೆ

ಸರಕಾರದವರು ಒಮ್ಮೆ ಪರೀಕ್ಷೆಗಾಗಿ ಎಲ್ಲರ ಮೊಬೈಲಿಗೂ ಎಚ್ಚರಿಕೆ ಗಂಟೆ ಕಳಿಸಿದರಲ್ಲ, ಆಗ ನಾನು ಲಕ್ಷ್ಮೇಶ್ವರದ ಬಸ್ಸಿನಲ್ಲಿದ್ದೆ. ಬಸ್ಸು ತುಂಬ ಒಮ್ಮೆಲೇ ಫೋನುಗಳು ಚೀರಲು ಶುರು ಮಾಡಿದವು. ಎಲ್ಲರೂ ತಮ್ಮ ತಮ್ಮ ಜೇಬು ತಡವಿಕೊಂಡು ‘ನಂದಲ್ಲ, ನಂದಲ್ಲ’ ಎನ್ನುತ್ತಿದ್ದರು. ನನ್ನ ಬಾಜೂ ಕೂತ ಅಜ್ಜಿಯೂ ಗಾಬರಿಯಾಗಿ, ‘ನನ್ನ ಚೀಲದಾಗ ಬರೇ ಬದನಿಕಾಯಿ ಅದಾವ್ರಿ, ನಂದಂತೂ ಅಲ್ಲ!’ ಎಂದು ಕಂಡಕ್ಟರಿಗೆ ಚೀಲ ಬಿಚ್ಚಿ ತೋರಿಸಿದಳು.

ನಾನು ನನ್ನ ಫೋನಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದಿದೆ. ‘ಇದು ಬರೇ ಪರೀಕ್ಷಾ ಐತ್ರಿ, ಅಂಜಬ್ಯಾಡ್ರಿ.’

ಅಜ್ಜಿ ಬದನೆಕಾಯಿ ಚೀಲ ಕಟ್ಟುತ್ತ ಕೇಳಿದಳು: ‘ಪರೀಕ್ಷಾ ಏನು? ಮತ್ತ ನಾವು ಪಾಸೋ, ನಪಾಸೋ?’

ಊಟದ ಕರೆ

ಮಲ್ಲಸಮುದ್ರದ ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದ ಒಬ್ಬರು ನಮ್ಮ ಓಣಿಯಲ್ಲೇ ಮಗಳ ಮನೆಯಲ್ಲಿದ್ದಾರೆ. ಮಾತಿನ ಮಲ್ಲ. ಕಟ್ಟೆಗೆ ಕೂತರೆ ಊಟದ ಖಬರ ಇರುವುದಿಲ್ಲ. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು.

ಒಂದು ಮುಂಜಾನೆ ತಮ್ಮ ಹಳೆಯ ಗುಂಡಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಬ್ಯಾಟರಿ ಉಬ್ಬಿ ಪೂರಿಯಾಗಿತ್ತು. ಪರದೆ ಕಪ್ಪಾಗಿ ಎಷ್ಟೋ ತಿಂಗಳಾಗಿತ್ತು.

‘ಅಕ್ಕಾರ, ಇದರಾಗ ಆಕಿ ದನಿ ಐತ್ರಿ. ನಿನ್ನಿಯಿಂದ ಫೋನ್ ಚಾಲೂನ ಆಗವಲ್ದು.’

ಎಂದೋ ಕಟ್ಟೆಯ ಮೇಲೆ ಹರಟುತ್ತ ಕೂತಾಗ ತಿಳಿಯದೆ ರೆಕಾರ್ಡಿಂಗ್ ಗುಂಡಿ ಒತ್ತಿದ್ದರಂತೆ. ಒಳಗಿನಿಂದ ಹೆಂಡತಿ ಬೈದದ್ದು ಅದರಲ್ಲಿ ಉಳಿದಿತ್ತು. ಆಕೆಯ ಫೋಟೋ ಬೇಕಾದಷ್ಟಿವೆ, ದನಿ ಮಾತ್ರ ಇದೊಂದೇ. ಮೂವತ್ತು ವರ್ಷ ನನ್ನ ಕಿವಿಯೊಳಗೆ ಎಷ್ಟು ಸಾವಿರ ಮಂದಿಯ ದನಿ ಹಾದುಹೋದವೋ, ಒಂದೂ ಉಳಿಯಲಿಲ್ಲ. ಬೈಯುವುದನ್ನೂ ಮರೆತು ಅವರನ್ನು ಗದಗಿನ ಒಂದು ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ.

ರಿಪೇರಿಯವನು ಬೇರೆ ಬ್ಯಾಟರಿ ಹಾಕಿದ. ಫೋನು ಕುಂಯ್ ಎಂದಿತು, ಪರದೆ ಮಾತ್ರ ಕಪ್ಪು. ‘ಜೀವ ಐತ್ರಿ, ಆದ್ರ ಎಷ್ಟೊತ್ತು ಇರತೈತೋ ಗೊತ್ತಿಲ್ಲ. ಪರದೆ ಇಲ್ಲಂದ್ರ ದನಿ ಎಲ್ಲಿ ಐತಂತ ಹೆಂಗ ಹುಡುಕೂದು?’ ಎಂದ.

‘ಕೊಡ್ರಿಲ್ಲೆ’ ಎಂದರು ಮಾಸ್ತರು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಕೆಳಗೆ ಮೂರು ಸಲ, ನಡುವೆ ಒಂದು ಸಲ, ಮತ್ತೆ ಕೆಳಗೆ ಒಂದು ಸಲ ಒತ್ತಿದರು. ದಿನಾ ಸಂಜೆ ಒತ್ತಿ ಒತ್ತಿ ಬೆರಳಿಗೇ ದಾರಿ ಬಾಯಿಪಾಠವಾಗಿತ್ತು.

ದನಿ ಬಂತು. ‘ಸಾಕು ಮಾಡ್ರಿನ್ನ! ಎಷ್ಟಂತ ಮಾತಾಡ್ತೀರಿ? ಏಳ್ರಿ, ರೊಟ್ಟಿ ಆರಾಕತ್ತಾವ!’

ಮಾಸ್ತರು ಥಟ್ಟನೆ ಸ್ಟೂಲಿನಿಂದ ಎದ್ದು ನಿಂತರು. ರಿಪೇರಿಯವನೂ ಎದ್ದ.

ಅವನು ಫ್ಯಾನು ಬಂದ್ ಮಾಡಿ, ಮಾಸ್ತರು ಅಲ್ಲೇ ಕೊಂಡ ಹೊಸ ಫೋನನ್ನು ಹಳೆಯದರ ಬಾಯಿಗೆ ಹಿಡಿದು ದನಿ ತುಂಬಿಕೊಳ್ಳತೊಡಗಿದ. ಮೊದಲ ಸಲ ಹೊರಗಿನಿಂದ ‘ಉಳ್ಳಾಗಡ್ಡೇ...’ ಎಂದು ಈರುಳ್ಳಿ ಗಾಡಿಯವನ ಕೂಗು ನಡುವೆ ಸೇರಿಬಿಟ್ಟಿತು. ಎರಡನೆಯ ಸಲ ಸರಿಯಾಗಿ ಬಂತು. ಮೂರನೆಯ ಸಲ ಒತ್ತಿದಾಗ ಹಳೆಯ ಫೋನು ಸತ್ತೇ ಹೋಯಿತು. ‘ಮೊದಲನೇ ರೆಕಾರ್ಡಿಂಗ್ ತಗದು ಒಗೀಲೇನ್ರಿ?’ ಎಂದು ಅವನು ಕೇಳಿದರೆ ಮಾಸ್ತರು ಗಾಬರಿಯಾದರು. ‘ಬ್ಯಾಡ್ರಿ, ಎರಡೂ ಇರಲಿ! ಉಳ್ಳಾಗಡ್ಡಿಯವನ ಕೂಡ ಜಗಳಾಡದ ದಿನಾನ ಇದ್ದಿಲ್ಲ ಆಕಿ.’

ಹೊಸ ಫೋನಿನಲ್ಲಿ ದನಿ ಎಲ್ಲಿದೆಯೆಂದು ಅವರಿಗೆ ಹುಡುಕಲು ಬರಲಿಲ್ಲ. ಹಾಗಾಗಿ ಅದನ್ನೇ ರಿಂಗ್‌ಟೋನ್ ಮಾಡಿಸಿದೆ. ತಪ್ಪು ನನ್ನದೇ.

ಮುಂದಿನ ತಿಂಗಳು ಮುಂಡರಗಿಯಲ್ಲಿ ನಿವೃತ್ತ ಶಿಕ್ಷಕರ ಸಮಾವೇಶ. ಮುಂಡರಗಿ ನೋಡಿ ಬಹಳ ದಿನವಾಗಿತ್ತೆಂದು ಮಾಸ್ತರ ಜೊತೆ ನಾನೂ ಹೋದೆ. ಊಟಕ್ಕೆ ಮೊದಲು ಮುಖ್ಯ ಅತಿಥಿಗಳಾದ ದೊಡ್ಡ ಸಾಹೇಬರ ಭಾಷಣ. ವಿಷಯ, ಮೊಬೈಲಿನಿಂದ ಸಮಾಜಕ್ಕಾಗುವ ಹಾನಿ. ಒಂದು ಗಂಟೆಯಾಯಿತು. ಹಿಂದಿನಿಂದ ಎಣಗಾಯಿಯ ವಾಸನೆ ಬರುತ್ತಿತ್ತು. ಸಾಹೇಬರು ನೀರು ಕುಡಿದು, ‘ಇನ್ನು ಎರಡನೆಯ ಅಂಶಕ್ಕೆ ಬರೋಣ’ ಎಂದರು.

ಆಗ ಮಾಸ್ತರ ಜೇಬಿನಿಂದ ಬಂತು ನೋಡಿ, ಪೂರ್ತಿ ದನಿಯಲ್ಲಿ: ‘ಸಾಕು ಮಾಡ್ರಿನ್ನ! ಎಷ್ಟಂತ ಮಾತಾಡ್ತೀರಿ? ಏಳ್ರಿ, ರೊಟ್ಟಿ ಆರಾಕತ್ತಾವ!’

ಸಾಹೇಬರು ಕಾಗದ ಮಡಚಿ ಕೂತುಬಿಟ್ಟರು. ಮಾಸ್ತರು ಫೋನು ತೆಗೆದು ಕೈಯಲ್ಲಿ ಹಿಡಿದರೇ ಹೊರತು ನಿಲ್ಲಿಸಲಿಲ್ಲ. ಅದು ಎರಡನೆಯ ಸಲ ‘ಏಳ್ರಿ’ ಎನ್ನುವಷ್ಟರಲ್ಲಿ ಸಭೆಗೆ ಸಭೆಯೇ ಎದ್ದು ಊಟದ ಕಡೆ ನಡೆದಿತ್ತು.

ಎಲೆಯ ಮುಂದೆ ಸಾಹೇಬರು ತಾವಾಗಿಯೇ ಮಾಸ್ತರ ಬಾಜೂ ಬಂದು ಕೂತರು. ಬೈಯುತ್ತಾರೆಂದುಕೊಂಡೆ. ಅವರು ಮೆಲ್ಲಗೆ ಕೇಳಿದರು: ‘ಮಾಸ್ತರ, ಅದು ನಿಮ್ಮ ಫೋನೇನ್ರಿ? ನಾ ನಮ್ಮ ಮನಿಯವ್ರು ಬಂದಾರಂತ ತಿಳದು ಕುಂತ್ಬಿಟ್ಟೆ.’

ನಾನು ಮಾಸ್ತರ ಫೋನು ಇಸಿದುಕೊಂಡು ಯಾರು ಹಚ್ಚಿದ್ದೆಂದು ನೋಡಿದೆ. ಹುಬ್ಬಳ್ಳಿಯ ಕಡೆ ಪ್ಲಾಟು ಮಾರುವ ಯಾವುದೋ ಕಂಪನಿ. ಹಿಂದಿನ ಕರೆಗಳೂ ಅವರವೇ, ದಿನಕ್ಕೆ ನಾಲ್ಕೈದು, ಒಂದನ್ನೂ ಎತ್ತಿಲ್ಲ. ‘ಈ ಹಾಳಾದವ್ರು ನಿಮ್ಮ ಜೀವಾ ತಿನ್ನಾಕತ್ತಾರ. ತಡೀರಿ, ಈಗ ಬ್ಲಾಕ್ ಮಾಡಿಬಿಡ್ತೇನಿ’ ಎಂದೆ.

ಮಾಸ್ತರು ರೊಟ್ಟಿ ಹಿಡಿದ ಕೈಯಿಂದಲೇ ಫೋನು ಕಸಿದುಕೊಂಡರು.

‘ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ! ಅವ್ರು ಹಚ್ಚಿದಾಗೊಮ್ಮೆ ಆಕಿ ನನ್ನ ಊಟಕ್ಕ ಕರೀತಾಳ್ರಿ.’