ಡೊಮೇನಿಗೆ ತಗುಲಿದ ನನ್ನ ಕೈಗುಣ

ಬೀಜಾಡಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ. ಬೇರೆಯವರಿಗೆ ಇತ್ತು. ಅದು ಅವರ ಅಜ್ಞಾನ!

ನನ್ನ ಹೆಂಡತಿ ಗಿರಿಜೆ ಇಲ್ಲಿ ಹೋಂಸ್ಟೇ ನಡೆಸುತ್ತಾಳೆ. ಅದರ ಹೆಸರಿನಲ್ಲಿ ಡೊಮೇನ್, ಅಂದರೆ ಇಂಟರ್ನೆಟ್ಟಿನ ಹೆಸರು, ಕೊಂಡು, ಬುಕಿಂಗಿಗೆ ಇಮೇಲ್ ಮಾಡಿಕೊಟ್ಟವಳು ಬ್ರಹ್ಮಾವರದಲ್ಲಿರುವ ಅವಳ ತಂಗಿ ಸುಮಿತ್ರಾ. ವೆಬ್‌ಸೈಟನ್ನೂ ಅವಳೇ ತಯಾರಿಸಿದ್ದಳು. ಡೊಮೇನನ್ನು ಅದಕ್ಕೆ ಜೋಡಿಸುವುದೊಂದೇ ಬಾಕಿ. "ಭಾನ್ವಾರ ನಾನೇ ಬಂದ್ ಜೋಡ್ಸ್ತೆ" ಅಂದಿದ್ದಳು.

ನನಗೆ ನಗು ಬಂತು. ಒಂದು ಹೆಸರನ್ನು ಒಂದು ವಿಳಾಸಕ್ಕೆ ಜೋಡಿಸಲು ಬ್ರಹ್ಮಾವರದಿಂದ ಬಸ್ಸು ಹತ್ತಿ ಬರಬೇಕೆ? ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆ.

"ಭಾವ, ಹೆಸ್ರನ್ನ ವೆಬ್‌ಸೈಟಿಗ್ ಜೋಡ್ಸು ಒಂದ್ ಎ ರೆಕಾರ್ಡ್ ಸೇರ್ಸಿ, ಸಾಕ್. ಅಲ್ಲಿಪ್ಪುದನ್ನ ಎಂತದೂ ಮುಟ್ಬೇಡಿ" ಅಂದಳು.

ಮುಟ್ಟಬೇಡಿ ಅಂತೆ! ಡೊಮೇನಿನ ಜೋಡಣೆಗಳೆಲ್ಲ ಇರುವ ಡಿಎನ್‌ಎಸ್ ಪುಟ ತೆರೆದರೆ, ಗುಡಿಸದ ಅಂಗಳದ ಹಾಗಿತ್ತು. ಎಂಎಕ್ಸ್ ಎಂದು ಏನೋ ಇತ್ತು. ಮ್ಯಾಕ್ಸಿಮಮ್ ಇರಬೇಕು, ಇಷ್ಟು ಸಣ್ಣ ಹೋಂಸ್ಟೇಗೆ ಮ್ಯಾಕ್ಸಿಮಮ್ ಯಾಕೆ? ಅಳಿಸಿದೆ. "ಖಂಡಿತವಾಗಿಯೂ ಅಳಿಸಬೇಕೆ?" ಎಂದು ಕೇಳಿತು. ನನ್ನನ್ನೇ ಪ್ರಶ್ನಿಸುವಷ್ಟು ಅಹಂಕಾರ! ಮತ್ತೂ ಗಟ್ಟಿಯಾಗಿ ಒತ್ತಿದೆ.

ಆಮೇಲೆ ಎ ರೆಕಾರ್ಡ್ ಸೇರಿಸಿದೆ. 'ಹೆಸರು' ಎಂದಿದ್ದ ಕಡೆ ನಮ್ಮ ಪೂರ್ತಿ ಡೊಮೇನ್ ಬರೆದೆ. ಅರ್ಧ ಹೆಸರು ಬರೆಯುವ ವಂಶವೇ ನಮ್ಮದು? ಬರೆದದ್ದರ ಬಾಲಕ್ಕೆ ಆ ಪುಟ ತಾನೇ ಡೊಮೇನನ್ನು ಅಂಟಿಸಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತು! ಹೆಸರು ಎರಡೆರಡು ಸಲ ಬಿತ್ತು. ವೆಬ್‌ಸೈಟ್ ತೆರೆಯಲಿಲ್ಲ.

"ಹ್ವಾಯ್, ಎಂತ ಆಯ್ತ್?" ಗಿರಿಜೆ ಕೇಳಿದಳು.

"ಹೆಸ್ರ್ ಪ್ರಪಂಚಕ್ಕೆಲ್ಲ ಹರಡುಕೆ ಟೈಮ್ ಬೇಕ್."

"ಬೀಜಾಡಿಗ್ ಯಾವಾಗ್ ಬತ್ತ್?"

ಇಂಥ ತಾಂತ್ರಿಕವಲ್ಲದ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಆ ವಾರ ಮುಂಬೈಯಿಂದ ನಮ್ಮ ಕಡೆಯವರದೇ ಒಂದು ದೊಡ್ಡ ಕುಟುಂಬ ಬರುವುದಿತ್ತು. ಗಿರಿಜೆಗೆ ಇಡೀ ಮನೆ ಬುಕ್ ಆಗಿದ್ದು ಅದೇ ಮೊದಲು. ಅವರ ಫೋನ್ ನಂಬರ್ ಕೇಳಿ ಮೇಲ್ ಮಾಡಿ ಕಾಯುತ್ತಿದ್ದಳು.

"ಉತ್ರವೇ ಬತ್ತಿಲ್ಲೆ. ಎಂತಕ್?"

"ಮುಂಬೈಗ್ ಹೋದವ್ರಿಗೆ ಊರ್ ಬದಿಯವ್ರ್ ಲೆಕ್ಕಕ್ಕಿಲ್ಲ. ಸೊಕ್ಕ್!" ಎಂದು ತೀರ್ಪು ಕೊಟ್ಟೆ.

ಆದರೂ ಅವಳು ಹಾಸಿಗೆಗಳಿಗೆ ಹೊಸ ಹೊದಿಕೆ ಹಾಸಿದಳು, ಕಾಣೆ ಮೀನು ತಂದಳು. ಮಧ್ಯಾಹ್ನ ಕಳೆಯಿತು. ಯಾರೂ ಬರಲಿಲ್ಲ. ಬಂದವನು ಪಕ್ಕದ ಮನೆಯ ರಿಕ್ಷಾದ ಶೀನ.

"ಗಿರಿಜಕ್ಕ, ಮುಂಬೈಯವ್ರನ್ನ ರೈಲ್ ಸ್ಟೇಷನ್ನಿಂದ ಬೈಂದೂರ್ ಬಸ್ಸಿಗ್ ಬಿಟ್ಟ್ ಬಂದೆ. ನಿಮ್ಗ್ ಮೇಲ್ ಮಾಡಿರೆ ವಾಪಸ್ ಬತ್ತಂಬ್ರ್. ಅಂತ ವಿಳಾಸವೇ ಇಲ್ಯಂಬ್ರ್. ಹೋಂಸ್ಟೇ ಮುಚ್ಚಿದ್ರ್ಯಾ?"

ಗಿರಿಜೆ ಮೀನಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ಮೀನಿನ ಕಣ್ಣಿನಲ್ಲೇ ಹೆಚ್ಚು ಕರುಣೆಯಿತ್ತು!

ಅಕ್ಕನ ಫೋನ್ ಹೋದದ್ದೇ ಸುಮಿತ್ರಾ ಭಾನುವಾರದವರೆಗೆ ಕಾಯದೆ ಓಡಿ ಬಂದಳು. ಪುಟ ನೋಡಿ ತಲೆ ಮೇಲೆ ಕೈ ಹೊತ್ತಳು.

"ಭಾವ, ಎಂಎಕ್ಸ್ ಅಂದ್ರೆ ಮೇಲ್ ಬಪ್ಪು ದಾರಿ. ಅದನ್ನೇ ಕಿತ್ತ್ ಬಿಸಾಡಿರಲೆ!"

ಮೇಲ್, ವೆಬ್‌ಸೈಟ್ ಎರಡನ್ನೂ ಸರಿಪಡಿಸಿದಳು. ನಾನು ಅದುವರೆಗೆ ತೆಂಗಿನ ಮರಗಳನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದೆ.

ಗಿರಿಜೆ ಬೈಂದೂರಿನ ಲಾಡ್ಜುಗಳಿಗೆಲ್ಲ ಫೋನ್ ಮಾಡಿ ಕೊನೆಗೂ ಅವರನ್ನು ಹಿಡಿದಳು. ಅಲ್ಲಿ ಅವರು ವಾರದ ಮಟ್ಟಿಗೆ ಕೋಣೆ ಹಿಡಿದಾಗಿತ್ತು. ಆದರೂ ಅವಳ ಮಾತಿಗೆ ಕರಗಿ ಮರುದಿನ ಊಟಕ್ಕೆ ಬಂದರು. ನಾನು ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತೆ. ಅವರಲ್ಲಿ ಹಿರಿಯರೊಬ್ಬರು ಕೈ ತೊಳೆಯುತ್ತಾ ನನ್ನನ್ನು ವಿಚಾರಿಸಿದರು: "ನೀವ್ ಇಲ್ಲಿ ಎಂತ ಮಾಡ್ತ್ರಿ?"

ತಾಂತ್ರಿಕ ವಿಭಾಗ ಎನ್ನಲು ಬಾಯಿ ತೆರೆದಿದ್ದೆ.

"ಇವ್ರ್ ಎಂತದೂ ಮಾಡುದಿಲ್ಲ" ಒಳಗಿನಿಂದ ಗಿರಿಜೆ ಹೇಳಿದಳು. "ಮಾಡಿರೇ ಕಷ್ಟ!"

ಎಲ್ಲರೂ ನಕ್ಕರು. ನಾನೂ ನಕ್ಕು, ಸಾರಿನ ಪಾತ್ರೆ ತರಲು ಒಳಗೆ ಹೋದೆ. ಸುಮಿತ್ರಾ ಮೆಲ್ಲಗೆ ಅದನ್ನೂ ನನ್ನ ಕೈಯಿಂದ ತೆಗೆದುಕೊಂಡಳು.