ಖಾಯಂ ಪಂಚ

ಮರುಳಸಿದ್ದಪ್ಪನ ಸಹಿ ಚೆಂದವಿತ್ತು. ಕೇಡು ಹುಟ್ಟಿದ್ದೇ ಅಲ್ಲಿಂದ.

ಮರಿಯಮ್ಮನಹಳ್ಳಿ ರಸ್ತೆಯ ಬೇವಿನಗಿಡದ ಕ್ರಾಸಿನಲ್ಲಿ ಅವನದೊಂದು ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ. ಮುಂದೆ ಎಡೆಬಿಡದೆ ಅದಿರಿನ ಲಾರಿಗಳು. ವಾರಕ್ಕೊಬ್ಬರಾದರೂ ಅವುಗಳ ಕೆಳಗೆ. ಹೆಣವನ್ನು ಕಣ್ಣಾರೆ ಕಂಡು, ಸತ್ತದ್ದು ಹೀಗೆ ಎಂದು ಪಂಚನಾಮೆಗೆ ಸಹಿ ಹಾಕಲು ಐವರು ಪಂಚರು ಬೇಕು. ಹೊರಠಾಣೆಯ ದಫೇದಾರ ಹುಲುಗಪ್ಪ ಜೀಪಿನಿಂದ ಇಳಿದರೆ ಸಾಕು, ಪುರಾಣದ ಕೊನೆಗೆ ಮಂಗಳಾರತಿ ತಟ್ಟೆ ಬರುವಾಗ ಕರಗುವಂತೆ ಜನ ಕರಗುತ್ತಿದ್ದರು. ಒಮ್ಮೆ ಪಂಚರಾದರೆ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಸವೆಸಬೇಕಲ್ಲ! ಕಾದ ಎಣ್ಣೆ ಬಿಟ್ಟು ಓಡಲಾರದ ಮರುಳಸಿದ್ದಪ್ಪ ಮಾತ್ರ ಪ್ರತಿಸಲ ಸಿಕ್ಕಿಬೀಳುತ್ತಿದ್ದ. ಉಳಿದ ನಾಲ್ಕು ಹೆಬ್ಬೆಟ್ಟುಗಳು ಯಾರವೆಂದು ದೇವರೇ ಬಲ್ಲ.

ಪ್ರತಿಸಲ ಮಿರ್ಚಿ ಸೀಯುವುದನ್ನು ಕಂಡು ದಫೇದಾರನೇ ಉಪಾಯ ಹೇಳಿದ್ದ: ಇಪ್ಪತ್ತು ಖಾಲಿ ಹಾಳೆಗಳಿಗೆ ಮೊದಲೇ ಸಹಿ.

“ಸಾಯೋರು ಬ್ಯಾರೆ ಬ್ಯಾರೆ ಆದ್ರೂ ಕಾರಣ ಒಂದೇ ಐತಲ್ರಿ. ಮೃತನು ಅಜಾಗರೂಕತೆಯಿಂದ ಲಾರಿಗೆ ಅಡ್ಡ ಬಂದು… ಉಳಿದದ್ದು ನಂಗ ಬಾಯಿಪಾಠ!”

ಮರುಳಸಿದ್ದಪ್ಪ ಇಪ್ಪತ್ತಕ್ಕೂ ಸಹಿ ಹಾಕಿಕೊಟ್ಟ. ಹಾಗಿರುವಾಗ ಅವನು ಬಾಣಂತಿ ಮಗಳನ್ನೂ ಅವಳ ಆರೈಕೆಗೆ ಹೋಗಿದ್ದ ಹೆಂಡತಿಯನ್ನೂ ನೋಡಿಬರಲು ಕಂಪ್ಲಿಗೆ ಹೋದ. ಮೂರನೆಯ ದಿನ ಬೆಳಿಗ್ಗೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ ಅಲ್ಲಿ ನಿಲ್ಲಿಸಿಹೋಗಿದ್ದ ಮೊಪೆಡ್ ಇಲ್ಲ. ಕಳ್ಳನಿಗೆ ಶಾಪ ಹಾಕುತ್ತ ಟೆಂಪೋ ಹತ್ತಿ ಕ್ರಾಸಿಗೆ ಬಂದ. ಅಂಗಡಿಯ ಬಾಗಿಲಿಗೆ ಅವನದೇ ಫೋಟೋ. ಫೋಟೋಕ್ಕೆ ಚೆಂಡುಹೂವಿನ ಹಾರ.

ಎದುರುಮನೆಯ ಚೆನ್ನಬಸಮ್ಮ ಕೊಡ ಕೈಬಿಟ್ಟಳು. “ಅಯ್ಯ ನಮ್ಮಪ್ಪಾ! ನಿನ್ನ ಮಣ್ಣು ಮಾಡಿ ಒಂದ್ ದಿನಾ ತುಂಬಿಲ್ಲ, ಎದ್ದು ಬಂದ್ಯಾ?”

“ಏನ್ ಮಾತಾಡ್ತಿಯಬೇ? ಕಂಪ್ಲಿಗೆ ಹೋಗಿದ್ದೆ!”

“ಮೊನ್ನೆ ಲಾರಿ ಕೆಳಗ ಬಿದ್ದಿದ್ಯಲ್ಲ! ಮಖ ಗುರ್ತು ಹತ್ತಂಗಿರ್ಲಿಲ್ಲ, ಬರೀ ಕೆಂಪು ಮಣ್ಣು. ಆದ್ರ ಗಾಡಿ ನಿಂದಾ. ವಿಭೂತಿ ಹಚ್ಚಿ, ಕುಂದ್ರಿಸಿ, ಪದ್ಧತಿ ಪ್ರಕಾರ ಮಣ್ಣು ಮಾಡೀವಿ. ಕಂಪ್ಲಿಗೆ ಸುದ್ದಿ ಕಳಸೂಣಂದ್ರ ನಿನ್ನ ಮಗಳ ಮನಿ ಯಾವ ಓಣಿ ಅಂಬೋದು ನಿನಗೊಬ್ಬಂಗ ಗೊತ್ತಿತ್ತು.”

ಗಾಡಿ ಕದ್ದವನೇ ಗಾಡಿಯೊಂದಿಗೆ ಸತ್ತಿದ್ದಾನೆಂದು ಮರುಳಸಿದ್ದಪ್ಪನಿಗೆ ಹೊಳೆಯಿತು. ಅಷ್ಟರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯ ಎರ್ರೆಪ್ಪ ಅಳತೆ ಟೇಪು ಸುತ್ತಿಕೊಳ್ಳುತ್ತ ಅವನ ಅಂಗಡಿಯೊಳಗಿಂದಲೇ ಹೊರಬಂದ. ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು.

“ಹೆಣದ ಗುರ್ತು ಹೇಳಿದಾಂವ ನಾನು. ಈಗ ನೀ ಬಂದು ನನ್ನ ಸುಳ್ಳ ಮಾಡ್ತಿಯೇನ್ಲೇ? ಈ ಜಾಗ ನಂಗ ಕೊಡ್ರಿ ಅಂತ ಪಂಚಾಯ್ತಿಗೆ ಅರ್ಜಿ ಹಾಕೀನಿ. ಇವತ್ತ ಸಂಜಿ ಐದಕ್ಕ ಮೀಟಿಂಗ್ ಐತಿ. ಸತ್ತೋರ ಜಾಗ ಖಾಲಿ ಬಿಡಬಾರ್ದಪ್ಪ, ಪೀಡಾ ಸೇರ್ತಾವ.”

ಮರುಳಸಿದ್ದಪ್ಪ ಹೊರಠಾಣೆಗೆ ಓಡಿದ. “ದಫೇದಾರ್ರೆ, ನಾ ಬದುಕೀನ್ರಿ!”

“ಅದು ನಂಗ ಕಾಣ್ತೈತಿ. ಫೈಲಿಗೆ ಕಾಣಂಗಿಲ್ಲ.” ಹುಲುಗಪ್ಪ ಹಾಳೆ ತಿರುವಿದ. “ಇಲ್ಲಿ ನೋಡ್ರಿ. ‘ಮೃತ ಮರುಳಸಿದ್ದಪ್ಪನು ಅಜಾಗರೂಕತೆಯಿಂದ… ಹೆಣವನ್ನು ನಾವು ಕಣ್ಣಾರೆ ಕಂಡಿದ್ದೇವೆ.’ ಕೆಳಗ ಮೊದಲನೇ ಪಂಚರ ಸಹಿ.”

ದುಂಡನೆಯ ‘ಮ’, ಉದ್ದದ ಬಾಲ, ಕೆಳಗೆ ಎರಡು ಚುಕ್ಕೆ.

“ಸತ್ತಾಂವನೂ ನಾನ, ಸಾಕ್ಷಿನೂ ನಾನ?”

“ನಿಮ್ಮ ಸಾವಿಗೆ ನಿಮಗಿಂತ ಗಟ್ಟಿ ಸಾಕ್ಷಿ ಯಾರದಾರ್ರಿ?”

“ಹಂಗಾದ್ರ ಮಣ್ಣಾಗಿದ್ದು ಯಾರು?”

“ಅವನ್ನ ಕೇಳ್ಕೊಂಡು ಯಾರೂ ಬಂದಿಲ್ಲ,” ಎಂದು ಹುಲುಗಪ್ಪ ಚಹಾ ಹೀರಿದ. “ಸಾವಿನ ವಿಚಾರಣಿ ಮಾಡೋರು ತಹಸೀಲ್ದಾರ ಸಾಹೇಬ್ರು. ಐದಕ್ಕ ಫೈಲು ಅವರ ಕಡೆ ಹೋಗ್ತೈತಿ. ಅದರೊಳಗ ನೀವು ಜೀವಂತ ಅದೀರಿ ಅಂತ ಐದು ಮಂದಿ ಪಂಚರು ಸಹಿ ಹಾಕ್ಲಿ, ಹೊಸ ಪಂಚನಾಮಿ ಬರೀತೀನಿ. ಹೆಂಡ್ತಿ ಮಕ್ಕಳು ನಡಿಯಂಗಿಲ್ಲ.”

ಮರುಳಸಿದ್ದಪ್ಪ ಬಾಗಿಲು ಬಾಗಿಲು ತಟ್ಟಿದ. ಕ್ಷೌರದ ಅಂಜಿನಯ್ಯ ಗಿರಾಕಿಯ ಅರ್ಧ ಗಡ್ಡ ಹಾಗೆಯೇ ಬಿಟ್ಟು ಹಿತ್ತಲಿನಿಂದ ಓಡಿದ. ಎರ್ರೆಪ್ಪ ರಿಪೇರಿಗೆ ನಿಂತ ಲಾರಿಯ ಕೆಳಗೆ ತೂರಿದವನು ಹೊರಗೆ ಬರಲೇ ಇಲ್ಲ. ಚೆನ್ನಬಸಮ್ಮ ಬಾಗಿಲ ಸಂದಿಯಿಂದ ಕೈ ಮುಗಿದಳು: “ನಿನ್ನ ಮಣ್ಣಿಗೆ ಬಂದೀನಿ, ದಿವಸದ ಊಟಕ್ಕೂ ಬರ್ತೀನಿ. ಕೋರ್ಟಿಗೆ ಮಾತ್ರ ಬ್ಯಾಡಪ್ಪ.”

ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಒಬ್ಬನೇ ಹೊರಠಾಣೆಗೆ ಮರಳಿದ.

“ಗೊತ್ತಿತ್ತು,” ಎಂದ ಹುಲುಗಪ್ಪ ನಿಟ್ಟುಸಿರಿಟ್ಟು. “ಕರದ್ರ ಬರೋ ಪಂಚ ಈ ಊರಾಗ ಒಬ್ಬನ ಇದ್ದ, ಪುಣ್ಯಾತ್ಮ. ಮೊನ್ನೆ ಅವನೂ ತೀರ್ಕೊಂಡ.”

“ನಾನ ಹಾಕ್ತೀನಿ ಕೊಡ್ರಿ!”

“ಸತ್ತೋರ ಸಹಿ ನಡಿಯಂಗಿಲ್ರಿ.”

ಫೋನು ಬಡಿದುಕೊಂಡಿತು. ಹುಲುಗಪ್ಪ ಕೇಳಿಸಿಕೊಂಡು, ಟೋಪಿ ಹುಡುಕಿ, ಡ್ರಾಯರ್ ಎಳೆದ. ಖಾಲಿಯಾಗಿತ್ತು.

“ಅಲ್ಲೇ ಕ್ರಾಸಿನಾಗ, ಮತ್ತೊಂದು. ಸಿದ್ದಪ್ಪಾರ, ನಿಮ್ಮ ಸಹಿ ಇದ್ದ ಹಾಳಿ ಮುಗದಾವ. ಜಲ್ದಿ ಒಂದ್ ಸಹಿ ಹಾಕ್ರಿ.”

“ಸತ್ತೋರ ಸಹಿ ನಡಿಯಂಗಿಲ್ಲ ಅಂದ್ರಿ?”

“ಬದುಕ್ಯಾರ ಅಂಬೋದಕ್ಕ ನಡಿಯಂಗಿಲ್ಲ. ಸತ್ತಾರ ಅಂಬೋದಕ್ಕ ಭಾಳ ಚಲೋ ನಡಿತೈತಿ. ಇನ್ನ ಕೋರ್ಟಿನೋರೂ ನಿಮ್ಮನ್ನ ಕರಿಯಂಗಿಲ್ಲ, ಆರಾಮ ಅಲ್ರಿ?”

ಗೋಡೆಯ ಗಡಿಯಾರ ಐದು ಹೊಡೆಯಿತು. ಪೇದೆಯೊಬ್ಬ ಬಂದು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಮರುಳಸಿದ್ದಪ್ಪ ಅದು ಕಣ್ಮರೆಯಾಗುವವರೆಗೂ ನೋಡಿದ. ಅಷ್ಟರಲ್ಲಿ ಕೈಗೆ ಪೆನ್ನು ಬಂದಿತ್ತು, ಅಭ್ಯಾಸಬಲ. ‘ಮ’ ದುಂಡಗೆ ಬಂತು, ಬಾಲ ಉದ್ದಕ್ಕೆ ಸರಿಯಿತು, ಕೆಳಗೆ ಎರಡು ಚುಕ್ಕೆ ಬಿದ್ದವು.

“ಇನ್ನೊಂದ್ ಹತ್ತೊಂಬತ್ತು,” ಎಂದು ದಫೇದಾರ ಹಾಳೆಗಳನ್ನು ಮುಂದೆ ಸರಿಸಿದ.