ಯಾರದೂ ಅಲ್ಲದ ಬಣ್ಣ

ಗೋಡೆಯ ಮೇಲಿದ್ದ ಮೂರು ಧರ್ಮದ ಮೂರು ದೇವರ ಪಟಗಳನ್ನು ಇಳಿಸಿದ್ದೇ ಎಲ್ಲ ಎಡವಟ್ಟಿಗೂ ಮೂಲ. ಇಳಿಸಿದವರು ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತರು. ಇಳಿಸಿ ಎಂದವರು ಮೇಲಧಿಕಾರಿಗಳು. ಸರ್ಕಾರಿ ಕಚೇರಿಯಲ್ಲಿ ಯಾವ ಧರ್ಮದ ಗುರುತೂ ಕಾಣಕೂಡದು ಎಂದು ಆದೇಶವಾಗಿತ್ತು. ಅದು ಪಾಲನೆಯಾಗಿದೆಯೇ ಎಂದು ನೋಡಲು ಅಂದು ಮಧ್ಯಾಹ್ನ ತಪಾಸಣೆಯ ಮೇಡಂ ಬರುವವರಿದ್ದರು.

ಮೇಡಂ ಬರುವಾಗ ಗುಮಾಸ್ತರ ವರ್ಗಾವಣೆ ಆದೇಶವನ್ನೂ ತರುತ್ತಾರೆ, ಕಚೇರಿ ಸರಿಯಿದ್ದರೆ ಅಲ್ಲೇ ಸಹಿ ಹಾಕುತ್ತಾರೆ ಎಂದು ಸಾಹೇಬರು ಮಾತು ಕೊಟ್ಟು ರಜೆ ಹಾಕಿ ಹೋಗಿದ್ದರು. ಗುಮಾಸ್ತರ ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳು ಅಲ್ಲೇ ಬೆಳೆಯುತ್ತಿದ್ದಳು. "ಅಪ್ಪ ಎಲ್ಲಿ ಪುಟ್ಟಾ?" ಎಂದರೆ ಆ ಮಗು ಫೋನಿನ ಕಡೆ ಬೆರಳು ತೋರಿಸುತ್ತಿತ್ತಂತೆ. ಅದನ್ನು ಕೇಳಿದಾಗಿನಿಂದ ಗುಮಾಸ್ತರಿಗೆ ಊಟ ರುಚಿಸುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರೆ ಕೂತೇ ಬಿಡುತ್ತಿದ್ದರು. ಕಚೇರಿಯವರು ಅವರಿಗೆ 'ಮೋಡ' ಎಂದು ಹೆಸರಿಟ್ಟಿದ್ದರು.

ಪಟಗಳೇನೋ ಇಳಿದವು. ಆದರೆ ಹೊಗೆ ಹಿಡಿದ ಗೋಡೆಯ ಮೇಲೆ ಪಟವಿದ್ದ ಜಾಗಗಳು ಮೂರು ಬಿಳಿ ಚೌಕಗಳಾಗಿ ಉಳಿದುಕೊಂಡವು.

"ಸಾರ್, ನಮ್ಮ ಚೌಕ ಎಲ್ಲಕ್ಕಿಂತ ಚಿಕ್ಕದಾಗಿ ಕಾಣತ್ತೆ," ಎಂದರು ಕ್ಯಾಷಿಯರ್.

"ಅದು ಖಾಲಿ ಗೋಡೆ ಸಾರ್," ಎಂದರು ಗುಮಾಸ್ತರು.

"ಖಾಲಿ ಆದ್ರೇನು? ಅವರ ಖಾಲಿ ದೊಡ್ಡದು, ನಮ್ಮ ಖಾಲಿ ಚಿಕ್ಕದು. ಇದೆಂಥ ಸಮಾನತೆ?"

ಟೈಪಿಸ್ಟ್ ಬೆಳಿಗ್ಗೆ ಬಂದವಳೇ ಅಭ್ಯಾಸಬಲದಿಂದ ತನ್ನ ಚೌಕಕ್ಕೆ ಕೈ ಮುಗಿದು ಕೂತಿದ್ದಳು. ಅಟೆಂಡರ್ ತನ್ನ ಚೌಕದ ಕೆಳಗೆ ಸ್ಟೂಲು ಹಾಕಿಕೊಂಡು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹೀಗೇ ಬಿಟ್ಟರೆ ತನ್ನ ವರ್ಗಾವಣೆ ಗೋವಿಂದ ಎಂದು ಗುಮಾಸ್ತರಿಗೆ ಮನವರಿಕೆಯಾಯಿತು. ಇಡೀ ಗೋಡೆಗೆ ಒಂದೇ ಬಣ್ಣ ಬಳಿದುಬಿಡೋಣ ಎಂದು ಉಗ್ರಾಣದ ಬೀಗ ತೆಗೆಸಿದರು.

ಹಸಿರು ಡಬ್ಬಿ ಎತ್ತಿದರೆ ಕ್ಯಾಷಿಯರ್ ಕೆಮ್ಮಿದರು. ಕೇಸರಿ ಎತ್ತಿದರೆ ಅಟೆಂಡರ್ ಗಂಟಲು ಸರಿಮಾಡಿಕೊಂಡ. ಬಿಳಿ ಎತ್ತಿದರೆ ಟೈಪಿಸ್ಟ್ ಹುಬ್ಬು ಹಾರಿಸಿದಳು. ನೀಲಿ ಎತ್ತಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಮಿಯ ಮೇಲೆ ಯಾರ ಸ್ವತ್ತೂ ಅಲ್ಲದ ಬಣ್ಣ ಒಂದಾದರೂ ಉಳಿದಿದೆಯೇ ಎಂದು ಗುಮಾಸ್ತರಿಗೆ ಅನುಮಾನವಾಯಿತು. ರೋಸಿಹೋಗಿ ಎಲ್ಲ ಡಬ್ಬಿಗಳನ್ನೂ ಒಂದೇ ಬಕೆಟ್ಟಿಗೆ ಸುರಿದು ಕೋಲು ಹಾಕಿ ಕಲಸಿದರು.

ಬಕೆಟ್ಟಿನೊಳಗೆ ಹುಟ್ಟಿದ ಬಣ್ಣಕ್ಕೆ ಹೆಸರಿರಲಿಲ್ಲ. ಬೆಳಗಾಗುವ ಮುನ್ನ, ಕಣ್ಣು ಪೂರ್ತಿ ತೆರೆಯುವ ಮುನ್ನ ಆಕಾಶ ಕಾಣುತ್ತದಲ್ಲ, ಹಾಗಿತ್ತು. ಗೋಡೆಗೆ ಹಚ್ಚುತ್ತ ಹೋದಂತೆ ಗುಮಾಸ್ತರ ಕೈ ನಿಧಾನವಾಯಿತು. ಆ ಬಣ್ಣದೊಳಗೆ ದೂರದ ಊರಿನ ಒಂದು ಮನೆ, ಬಾಗಿಲಲ್ಲಿ ನಿಂತ ಮಗಳು, ಎಲ್ಲ ಮಸುಕಾಗಿ ಕಂಡಂತಾಯಿತು. ಕಾಳಗಕ್ಕೆ ಬಂದಿದ್ದ ಮೂವರೂ ಜಗಳ ಮರೆತು ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಜನರಿಗೆ ಬಾಗಿಲು ತೆರೆಯುವ ಹೊತ್ತಾಯಿತು. ಬಣ್ಣ ಇನ್ನೂ ಹಸಿ. ನೆಲದ ಮೇಲೂ ಚೆಲ್ಲಿತ್ತು, ಚಪ್ಪಲಿ ಇಟ್ಟರೆ ಅಂಟಿಕೊಳ್ಳುತ್ತಿತ್ತು.

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ," ಎಂದರು ಗುಮಾಸ್ತರು. "ಗೋಡೆ ಮುಟ್ಟಬೇಡಿ. ಒಬ್ಬೊಬ್ಬರೇ ಬನ್ನಿ. ಕೈ ಆಚೆ ಈಚೆ ಆಡಿಸಬೇಡಿ, ಎರಡೂ ಕೈ ಜೋಡಿಸಿ ಎದೆಗೆ ಇಟ್ಟುಕೊಳ್ಳಿ. ಧೂಳು ಏಳತ್ತೆ, ಮೆಲ್ಲಗೆ ನಡೀರಿ."

ಮೊದಲು ಬಂದವರು ಮುದುಕ ದರ್ಜಿ. ತೀರಿಕೊಂಡ ಹೆಂಡತಿಯ ಮರಣ ಪತ್ರಕ್ಕಾಗಿ ಅಲೆದೂ ಅಲೆದೂ ಅವರ ಚಪ್ಪಲಿ ಸವೆದಿತ್ತು. ಹೇಳಿದಂತೆ ಬರಿಗಾಲಲ್ಲಿ ಬಂದು, ಕೈ ಜೋಡಿಸಿ ಗೋಡೆಯ ಮುಂದೆ ನಿಂತರು. ನಿಂತವರು ಹಾಗೇ ಕಣ್ಣು ಮುಚ್ಚಿದರು. ತಪಾಸಣೆಗೆ ಮುಂಚೆ ಬಾಕಿ ಕೆಲಸ ಮುಗಿಸುವ ಆತುರದಲ್ಲಿದ್ದ ಗುಮಾಸ್ತರು ಮರಣ ಪತ್ರಕ್ಕೆ ಠಸ್ಸೆ ಒತ್ತಿ ಅವರ ಕೈಗಿತ್ತರು.

ದರ್ಜಿ ಪತ್ರವನ್ನು ನೋಡಿದರು, ಗೋಡೆಯನ್ನು ನೋಡಿದರು. ಕಣ್ಣುಗಳು ತುಂಬಿಕೊಂಡವು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸಾಲಿನಲ್ಲಿದ್ದವರಿಗೆ ಹೇಳಿಯೇಬಿಟ್ಟರು: "ಆ ಗೋಡೆ ಮುಂದೆ ಕೈ ಜೋಡಿಸಿ ನಿಂತೆ ಕಣಪ್ಪ, ಮನಸ್ಸು ತಂಪಾಯ್ತು. ಕಣ್ಣು ಬಿಡೋದರೊಳಗೆ ಕೆಲಸ ಆಗಿತ್ತು."

ಸರ್ಕಾರಿ ಕಚೇರಿಯಲ್ಲಿ ಕಣ್ಣು ಬಿಡುವುದರೊಳಗೆ ಕೆಲಸ ಆಗುವುದೆಂದರೆ ಅದಕ್ಕಿಂತ ದೊಡ್ಡ ಪವಾಡ ಇನ್ನೇನಿದೆ. ಮಾತು ಬೀದಿಗೆ ಹೋಯಿತು. ಹುಟ್ಟು ಸಾವಿನ ಗೊಡವೆಯೇ ಇಲ್ಲದವರೂ ಬರತೊಡಗಿದರು. ಮೆಟ್ಟಿಲ ಮೇಲೆ ಚಪ್ಪಲಿಯ ರಾಶಿ ಬೆಳೆಯಿತು. ಅಕ್ಕಪಕ್ಕ ನಿಂತವರು ಯಾವ ದೇವರಿಗೆ ನಡೆದುಕೊಳ್ಳುವವರೆಂದು ಯಾರೂ ಕೇಳಲಿಲ್ಲ; ಎಲ್ಲರೂ ಕಣ್ಣು ಅರೆಮುಚ್ಚಿ, ನಿದ್ದೆಯಲ್ಲಿ ನಡೆದವರ ಹಾಗೆ ಮುಂದೆ ಸರಿಯುತ್ತಿದ್ದರು. ಗುಮಾಸ್ತರು "ಬಣ್ಣ ಒಣಗಿದೆ, ಚಪ್ಪಲಿ ಹಾಕ್ಕೊಂಡೇ ಬನ್ನಿ" ಎಂದು ಗೋಗರೆದರು. "ಛೆ, ಎಲ್ಲಾದ್ರೂ ಉಂಟಾ ಸ್ವಾಮಿ," ಎಂದು ಜನ ಅವರಿಗೂ ಒಂದು ನಮಸ್ಕಾರ ಹಾಕಿದರು.

ಮೇಡಂ ಬಂದದ್ದು ಆಗ. ಚಪ್ಪಲಿ ರಾಶಿ ದಾಟಿ ಒಳಗೆ ಬಂದು ನಿಂತರು. ಗುಮಾಸ್ತರು ಓಡಿಬಂದರು.

"ಏನಿದು?"

"ಗೋಡೆ, ಮೇಡಂ."

"ಯಾವ ಧರ್ಮದ್ದು?"

"ಯಾವುದೂ ಅಲ್ಲ ಮೇಡಂ. ಉಳಿದ ಬಣ್ಣ ಕಲಸಿ ಬಳಿದಿದ್ದು."

ಮೇಡಂ ಗೋಡೆಯನ್ನು ಮೇಲಿಂದ ಕೆಳಗೆ ಹುಡುಕಿದರು. ಪಟವಿಲ್ಲ, ಅಕ್ಷರವಿಲ್ಲ, ಗುರುತಿಲ್ಲ. ನೋಡುತ್ತ ನೋಡುತ್ತ ಅವರ ಮುಖದ ಬಿಗಿ ಸಡಿಲವಾಯಿತು.

"ನನ್ನ ಸರ್ವೀಸಲ್ಲಿ ಇಂಥ ಕಚೇರಿ ನೋಡಿಲ್ಲ. ಆದೇಶ ಅಂದ್ರೆ ಹೀಗೆ ಪಾಲಿಸಬೇಕು. ಎಲ್ಲಿ, ನಿಮ್ಮ ವರ್ಗಾವಣೆಗೆ ಸಹಿ ಹಾಕಿಬಿಡೋಣ."

ಗುಮಾಸ್ತರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಡಂ ಪೆನ್ನು ತೆಗೆದರು. ಹೊರಗಿದ್ದ ದರ್ಜಿ ಇಣುಕಿ ನೋಡಿ ಕೇಳಿದರು, "ಇವರನ್ನ ಎಲ್ಲಿಗೆ ಕಳಿಸ್ತೀರಮ್ಮಾ? ಇವರು ಹೋದ್ರೆ ಗೋಡೆ ನೋಡ್ಕೊಳ್ಳೋರು ಯಾರು?"

ಸಾಲಿನ ಉದ್ದಕ್ಕೂ ಗುಸುಗುಸು ಹರಿಯಿತು. ಅಷ್ಟೂ ಜನ ಕೈ ಜೋಡಿಸಿಕೊಂಡೇ ಮೇಡಂ ಕಡೆ ತಿರುಗಿದರು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ನೋಡಿ, ನಮ್ಮದು ಯಾವ ಧರ್ಮಕ್ಕೂ ಸೇರದ ಸರ್ಕಾರ. ಯಾರ ಭಾವನೆಗೂ ಧಕ್ಕೆ ತರೋ ಹಾಗಿಲ್ಲ. ನಿಮ್ಮನ್ನ ಇಲ್ಲಿಂದ ಎತ್ತೋದು ಇನ್ನು ಸಾಧ್ಯವಿಲ್ಲ."

"ಮೇಡಂ, ಈಗಲೇ ಸುಣ್ಣ ಹೊಡೆದುಬಿಡ್ತೀನಿ."

"ಹಾಗೆಲ್ಲ ಮಾತಾಡಬೇಡಿ. ಗಲಾಟೆ ಆಗತ್ತೆ," ಎಂದು ದನಿ ತಗ್ಗಿಸಿದ ಮೇಡಂ, ಹೋಗುವಾಗ ಗೋಡೆಗೆ ಒಮ್ಮೆ ತಲೆಬಾಗಿಯೇ ಹೋದರು.

ಸಂಜೆ ಜನ ಕರಗಿದ ಮೇಲೆ ಗುಮಾಸ್ತರು ಮನೆಗೆ ಫೋನು ಮಾಡಿದರು. "ಸಹಿ ಆಯ್ತಾ ರೀ?" ಎಂದಳು ಹೆಂಡತಿ. "ಮಗು ಏನ್ಮಾಡ್ತಿದೆ?" ಎಂದರು ಅವರು. ಅತ್ತ ಕಡೆ ಮಗು "ಅಪ್ಪ, ಅಪ್ಪ" ಎಂದು ಫೋನನ್ನು ಮುದ್ದಿಸುವ ಸದ್ದು ಕೇಳಿಸಿತು.

ಫೋನು ಜೇಬಿಗಿಟ್ಟು ಗೋಡೆಯ ಮುಂದೆ ನಿಂತರು. ಸಂಜೆಯ ಬೆಳಕಿನಲ್ಲಿ ಆ ಬಣ್ಣ ಉಸಿರಾಡುವಂತಿತ್ತು. ಅದರಲ್ಲಿ ಏನೇನು ಕಲಸಿದ್ದರೆಂದು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೂ ಚಪ್ಪಲಿ ಕಳಚಿದರು, ಕೈ ಜೋಡಿಸಿದರು. "ನನ್ನನ್ನ ಇಲ್ಲಿಂದ ಬಿಡಿಸಪ್ಪಾ," ಎಂದು ಬೇಡಿಕೊಂಡರು. ಕಣ್ಣೀರು ಕೆನ್ನೆಗಿಳಿಯಿತು.

ಚೀಲ ಹೆಗಲಿಗೇರಿಸಿ ಹೊರಟಿದ್ದ ಟೈಪಿಸ್ಟ್ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಫೋನು ಕಿವಿಗಿಟ್ಟು ಪಿಸುಗುಟ್ಟಿದಳು: "ಅಕ್ಕಾ, ಬಣ್ಣ ಹಚ್ಚಿದವರೇ ಕೈ ಮುಗಿದು ಅಳ್ತಿದ್ದಾರೆ ಕಣೇ. ಅಂದ್ರೆ ಇದು ನಿಜಾನೇ. ನಾಳೆ ಎಲ್ಲರನ್ನೂ ಕರ್ಕೊಂಡು ಬಾ."